ಅಡ್ಡಿಲ್ಲ ಎನ್ನುತ್ತ ಕಳೆದ ಮೂರು ವರ್ಷ

ಬ್ರಹ್ಮಾವರದಿಂದ ಕುಂದಾಪುರದವರೆಗಿನ ನಮ್ಮ ಊರುಗಳಲ್ಲಿ ಯಾರನ್ನು ಹೇಗಿದ್ದೀರಿ ಎಂದು ವಿಚಾರಿಸಿದರೂ ಬರುವ ಉತ್ತರ ‘ಅಡ್ಡಿಲ್ಲ’ ಎಂಬುದೊಂದೇ. ಟೈಫಾಯ್ಡಿನಿಂದ ಎದ್ದು ಕುಳಿತವರು ಹೇಳುವುದೂ ಅದನ್ನೇ, ಮಗಳ ಮದುವೆ ಮುಗಿಸಿ ಸಾಲದ ಲೆಕ್ಕ ಬರೆಯುತ್ತ ಕುಳಿತವರು ಹೇಳುವುದೂ ಅದನ್ನೇ. ಗರ್ಭಕಂಠದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಮುಗಿಸಿಕೊಂಡು 2018ರ ಮಾರ್ಚ್ ತಿಂಗಳಲ್ಲಿ ಬಾರ್ಕೂರಿನ ಮನೆಗೆ ಮರಳಿದ ನಾನು, ಅನಂತರದ ಮೂರು ವರ್ಷ ತಪಾಸಣೆಗೆ ಹೋದಾಗಲೆಲ್ಲ ವೈದ್ಯರಿಗೆ ಇದೇ ಉತ್ತರ ಕೊಟ್ಟೆ. ಅವರು ಪರೀಕ್ಷಿಸಿ ನೋಡಿ ಫೈಲಿನಲ್ಲಿ ರೋಗದ ಕುರುಹು ಇಲ್ಲವೆಂದು ಬರೆಯುತ್ತಿದ್ದರು. ಅವರು ಬರೆದದ್ದು ಸರಿಯಾಗಿತ್ತು, ನಾನು ಹೇಳಿದ್ದು ಸರಿಯಿರಲಿಲ್ಲ. ದಿನಾ ಬೆಳಿಗ್ಗೆ ಐದಾರು ಸಲ ಪಾಯಿಖಾನೆಗೆ ಓಡುತ್ತಿದ್ದುದು, ಗಂಡನಿಂದ ದೂರ ಮಲಗುತ್ತಿದ್ದುದು, ನಡುರಾತ್ರಿ ಬೆವರಿ ಎದ್ದು ಕೂರುತ್ತಿದ್ದುದು ಆ ಫೈಲಿನ ಯಾವ ಪುಟದಲ್ಲೂ ಇಲ್ಲ.

ಚಿಕಿತ್ಸೆಯ ವಿವರವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನನಗಾಗ 43 ವರ್ಷ. ಗಡ್ಡೆ ಗರ್ಭಕಂಠವನ್ನು ದಾಟಿ ಪಕ್ಕದ ಅಂಗಾಂಶಕ್ಕೆ ಹಬ್ಬಿದ್ದರಿಂದ, ಅಂದರೆ ವೈದ್ಯರ ಲೆಕ್ಕದಲ್ಲಿ 2ಬಿ ಹಂತಕ್ಕೆ ಬಂದಿದ್ದರಿಂದ, ಆಪರೇಷನ್ನಿನ ಬದಲು ವಿಕಿರಣವೇ ಮುಖ್ಯ ಚಿಕಿತ್ಸೆಯೆಂದು ತೀರ್ಮಾನವಾಯಿತು. ವಾರಕ್ಕೆ ಐದು ದಿನದಂತೆ ಐದು ವಾರ, ಒಟ್ಟು 25 ಸಲ ಹೊರಗಿನಿಂದ ವಿಕಿರಣ. ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧದ ಡ್ರಿಪ್ಸ್. ಕೊನೆಯಲ್ಲಿ ಮೂರು ಸಲ ಬ್ರಾಕಿಥೆರಪಿ, ಅಂದರೆ ಗರ್ಭಾಶಯದೊಳಗೆ ಕೊಳವೆಯನ್ನಿರಿಸಿ, ಇರಿಡಿಯಂ–192 ಎಂಬ ವಿಕಿರಣಶೀಲ ಲೋಹದ ಚೂರನ್ನು ಕೆಲವು ನಿಮಿಷ ಒಳಗೆ ಕಳುಹಿಸಿ ಹಿಂದಕ್ಕೆ ಎಳೆದುಕೊಳ್ಳುವ ಕ್ರಮ. ವಿಕಿರಣದ ಜೊತೆ ಸಿಸ್‌ಪ್ಲಾಟಿನ್ ಸೇರಿಸಿದರೆ ಹೆಚ್ಚು ಮಂದಿ ಬದುಕುಳಿಯುತ್ತಾರೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1999ರಲ್ಲಿ ವೈದ್ಯರಿಗೆ ತಿಳಿಸಿದ ಮೇಲೆ ಈ ಕ್ರಮವೇ ಎಲ್ಲ ಕಡೆ ರೂಢಿಗೆ ಬಂತಂತೆ. ಎಲ್ಲವೂ ಎಂಟು ವಾರಗಳೊಳಗೆ ಮುಗಿಯಬೇಕು, ಎಳೆದಾಡಿದರೆ ಫಲ ಕುಗ್ಗುತ್ತದೆ ಎಂದು ಮೊದಲ ದಿನವೇ ಎಚ್ಚರಿಸಿದ್ದರು. ಹಾಗಾಗಿ ಬಸ್ ಬಂದ್ ಇದ್ದ ಒಂದು ದಿನ ನಮ್ಮವರು ಬೈಕಿನಲ್ಲಿ ಕೂರಿಸಿಕೊಂಡು ಹೋದದ್ದೂ ಉಂಟು.

ಊರವರ ಬಾಯಲ್ಲಿ ಇದು ‘ಕರೆಂಟು ಕೊಡುವುದು’. ಕನ್ನಡ ಕಲಿಸುವವಳಾದ ನನಗೆ ಈ ಮಾತು ಮೊದಲು ನಗು ತರಿಸಿತ್ತು, ಆಮೇಲೆ ಅದರಿಂದಾದ ತೊಂದರೆಯೂ ಕಂಡಿತು. ಕರೆಂಟು ಎಂದ ಮೇಲೆ ಶಾಕ್ ಹೊಡೆಯಬೇಕು, ಮುಟ್ಟಿದವರಿಗೂ ತಾಗಬೇಕು ಎಂಬ ತರ್ಕ ತಾನಾಗಿ ಹುಟ್ಟಿಕೊಳ್ಳುತ್ತದೆ. ನಾದಿನಿಯ ಮಗುವನ್ನು ನಾನು ಎತ್ತಿಕೊಳ್ಳಲು ಹೋದರೆ ಅತ್ತೆಯವರು ಮೆಲ್ಲಗೆ ತಮ್ಮ ಕೈಗೆ ತೆಗೆದುಕೊಳ್ಳುತ್ತಿದ್ದರು. ಹೊರಗಿನಿಂದ ಕೊಟ್ಟ ವಿಕಿರಣ ಯಂತ್ರ ನಿಂತ ಕ್ಷಣ ಮುಗಿಯಿತು, ಇರಿಡಿಯಂ ಚೂರು ಮೈಯಿಂದ ಹೊರಗೆ ಬಂದ ಮೇಲೆ ಒಳಗೆ ಏನೂ ಉಳಿಯುವುದಿಲ್ಲ, ಇನ್ನೊಬ್ಬರಿಗೆ ತಾಗುವಂಥದ್ದು ಇದರಲ್ಲಿ ಇಲ್ಲ ಎಂಬುದನ್ನು ಅವರಿಗೆ ಮನವರಿಕೆ ಮಾಡಿಸಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಅದೇ ಭಯ ಗಂಡನಿಗೂ ಇದ್ದಿತೆಂಬುದು ಬಹಳ ತಡವಾಗಿ ಗೊತ್ತಾಯಿತು.

ವಿಕಿರಣ ನಡೆಯುತ್ತಿರುವಾಗ ಆಗುವ ಭೇದಿ, ಉರಿಮೂತ್ರ, ಸುಸ್ತು ಇವು ಕೆಲವು ವಾರಗಳಲ್ಲಿ ಇಳಿಯುತ್ತವೆ. ನಾನು ಹೇಳಹೊರಟಿರುವುದು ಅವುಗಳನ್ನಲ್ಲ. ಮೂರು ತಿಂಗಳು ಕಳೆದ ಮೇಲೆ, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ತಲೆಯೆತ್ತುವ ತೊಂದರೆಗಳು ಬೇರೆ. ಗಡ್ಡೆಯ ಮೇಲೆ ಬಿದ್ದ ವಿಕಿರಣ ಅದರ ಮುಂದಿರುವ ಮೂತ್ರಕೋಶಕ್ಕೂ ಹಿಂದಿರುವ ಮಲಾಶಯಕ್ಕೂ ಮೇಲೆ ತೂಗುವ ಸಣ್ಣ ಕರುಳಿಗೂ ಸ್ವಲ್ಪಮಟ್ಟಿಗೆ ತಾಗಿಯೇ ತಾಗುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳು ಕ್ರಮೇಣ ಕಿರಿದಾಗಿ, ಅಂಗಾಂಶ ಗಡುಸಾಗುತ್ತ ಹೋಗುತ್ತದೆ. ಹಸಿಯಿದ್ದಾಗ ಹೇಗೆ ಬೇಕಾದರೂ ಬಾಗುವ ಅಡಿಕೆ ಹಾಳೆ ಒಣಗಿದ ಮೇಲೆ ಬಗ್ಗಿಸಿದರೆ ಸೀಳುತ್ತದಲ್ಲ, ಹೆಚ್ಚುಕಡಿಮೆ ಹಾಗೆ.

ನನಗೆ ಮೊದಲು ಕೈಕೊಟ್ಟದ್ದು ಕರುಳು. ಶಾಲೆ ಒಂಬತ್ತೂವರೆಗೆ, ಆದರೆ ನಾನು ನಾಲ್ಕೂವರೆಗೆ ಏಳಬೇಕಾಗಿತ್ತು, ಏಕೆಂದರೆ ಹೊಟ್ಟೆ ಖಾಲಿಯಾಗಿ ಬಸ್ಸು ಹತ್ತುವ ಧೈರ್ಯ ಬರಲು ಮೂರು ಗಂಟೆಯಾದರೂ ಬೇಕಿತ್ತು. ಬಾರ್ಕೂರಿನಿಂದ ಬ್ರಹ್ಮಾವರಕ್ಕೆ ಹೋಗುವ ದಾರಿ ಎಷ್ಟು ಚಿಕ್ಕದೆಂದು ಬಲ್ಲವರು ನಕ್ಕಾರು. ಆ ದಾರಿಯಲ್ಲಿ ಯಾವ ಹೋಟೆಲಿನ ಹಿತ್ತಲಲ್ಲಿ ಪಾಯಿಖಾನೆ ಇದೆ, ಯಾವ ಪೆಟ್ರೋಲ್ ಬಂಕಿನದಕ್ಕೆ ಬೀಗ ಹಾಕಿರುತ್ತಾರೆ ಎಂಬುದು ನನಗೆ ಬಾಯಿಪಾಠವಾಗಿತ್ತು. ತಪಾಸಣೆಗೆ ಉಡುಪಿಯ ಕಡೆ ಹೋಗುವ ದಿನ ಹಿಂದಿನ ಮಧ್ಯಾಹ್ನದಿಂದಲೇ ಗಂಜಿಯ ತಿಳಿ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಮದುವೆಮನೆಗೆ ಹೋದರೆ ಬಾಗಿಲ ಬಳಿಯ ಕುರ್ಚಿ, ಊಟಕ್ಕೆ ಕುಳಿತರೆ ಅನ್ನ ಮತ್ತು ತಿಳಿಸಾರು. ಟೀಚರಿಗೆ ಈಚೆಗೆ ಬಿಂಕ ಬಂದಿದೆಯೆಂದು ಯಾರೋ ಆಡಿಕೊಂಡದ್ದು ಕಿವಿಗೆ ಬಿತ್ತು. ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಆಟ, ಅಂದರೆ ಯಕ್ಷಗಾನ, ಬಿಟ್ಟುಹೋದದ್ದು. ಗದ್ದೆಯಲ್ಲಿ ರಂಗಸ್ಥಳ ಹಾಕಿ ಬೆಳಗಿನವರೆಗೆ ಮಂದಾರ್ತಿ ಮೇಳದ ಆಟ ನಡೆಯುವಾಗ ಚಾಪೆ ಹಾಸಿಕೊಂಡು ಕೂರುತ್ತ ಬೆಳೆದವಳು ನಾನು. ಕೊಯ್ಲಾದ ಬಯಲುಗದ್ದೆಯಲ್ಲಿ ಹೆಂಗಸರಿಗೆ ಮರೆ ಎಲ್ಲಿಂದ ಬರಬೇಕು? ಚೆಂಡೆಯ ಸದ್ದು ಮನೆಗೆ ಕೇಳಿಸುತ್ತಿತ್ತು, ನಾನು ಕಿಟಕಿ ಮುಚ್ಚಿಕೊಂಡು ಮಲಗುತ್ತಿದ್ದೆ.

ಎರಡನೆಯ ವರ್ಷ ಮಲದೊಂದಿಗೆ ರಕ್ತ ಕಂಡಾಗ ಮಾತ್ರ ಸುಮ್ಮನಿರಲು ಆಗಲಿಲ್ಲ. ರೋಗ ಮರಳಿತೆಂದೇ ನಂಬಿ, ಮಗನ ಪಿಯುಸಿ ಫೀಸಿನ ಹಣವನ್ನು ಬೇರೆ ಖಾತೆಗೆ ಹಾಕಿ, ಆಸ್ಪತ್ರೆಗೆ ಹೋದೆ. ದುರ್ಬೀನು ಹಾಕಿ ನೋಡಿದ ವೈದ್ಯರು ಅದು ಮಲಾಶಯದ ಒಳಪದರದಲ್ಲಿ ವಿಕಿರಣದಿಂದಾದ ಉರಿಯೂತವೆಂದೂ, ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಒಸರುತ್ತಿವೆಯೆಂದೂ ಹೇಳಿದರು. ಅಂಥ ಜಾಗದಿಂದ ಕಾರಣವಿಲ್ಲದೆ ಚೂರು ಕತ್ತರಿಸಿ ಪರೀಕ್ಷೆಗೆ ಕಳುಹಿಸಬಾರದು, ಗಾಯ ಮಾಯದೆ ಮಲಾಶಯಕ್ಕೂ ಯೋನಿಗೂ ನಡುವೆ ತೂತು ಬೀಳುವ ಅಪಾಯವಿದೆ ಎಂದು ಅವರು ಕಿರಿಯ ವೈದ್ಯರಿಗೆ ವಿವರಿಸುತ್ತಿದ್ದುದನ್ನು ನಾನು ಮಲಗಿಕೊಂಡೇ ಕೇಳಿಸಿಕೊಂಡೆ. ರಕ್ತ ಹೆಚ್ಚಾದರೆ ಆರ್ಗಾನ್ ಅನಿಲದ ಮೂಲಕ ಸುಟ್ಟು ನಿಲ್ಲಿಸುವ ಉಪಾಯವಿದೆಯಂತೆ. ನನಗೆ ಅದರ ಅಗತ್ಯ ಬೀಳಲಿಲ್ಲ. ಅಂದು ಕೂಡ ನಾನು ರಕ್ತದ ಮಾತನ್ನು ಮಾತ್ರ ಆಡಿ ಬಂದೆ. ಬೆಳಗಿನ ಓಟದ ಸುದ್ದಿ ಎತ್ತಲಿಲ್ಲ. ರೋಗ ಮರಳಿಲ್ಲವೆಂಬ ಸಮಾಧಾನದ ಎದುರು ಅದನ್ನು ಹೇಳುವುದು ಆಸೆಬುರುಕತನವೆಂದು ತೋರಿತು.

ಇನ್ನೊಂದು ವಿಷಯವನ್ನು ಬರೆಯಲು ಕೈ ಇನ್ನೂ ಹಿಂಜರಿಯುತ್ತದೆ. ಚಿಕಿತ್ಸೆ ಮುಗಿದು ಒಂದು ತಿಂಗಳಾದ ಮೇಲೆ ಮೊದಲ ತಪಾಸಣೆಯ ದಿನ ನರ್ಸ್ ಒಬ್ಬರು ಕಾಗದದ ಚೀಲವೊಂದನ್ನು ಕೈಗಿಟ್ಟು, ವಾರಕ್ಕೆ ಎರಡು ಮೂರು ಸಲ ಉಪಯೋಗಿಸಬೇಕು, ಇಲ್ಲದಿದ್ದರೆ ದಾರಿ ಮುಚ್ಚುತ್ತದೆ ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು. ಚೀಲದಲ್ಲಿದ್ದುದು ಡೈಲೇಟರ್, ಬೆರಳಿಗಿಂತ ತುಸು ದಪ್ಪನೆಯ ನಯವಾದ ಕೊಳವೆ. ಬಾಗಿಲಲ್ಲಿ ನಮ್ಮವರು ನಿಂತಿದ್ದರು. ಅದೇನೆಂದು ಕೇಳಿದಾಗ ಔಷಧವೆಂದೆ. ಮನೆಗೆ ಬಂದು ಅದನ್ನು ಕಪಾಟಿನಲ್ಲಿ ಧಾರೆ ಸೀರೆಯ ಹಿಂದೆ ಇಟ್ಟವಳು ಐದು ತಿಂಗಳು ಹೊರಗೆ ತೆಗೆಯಲಿಲ್ಲ. ವಿಕಿರಣದ ಬಳಿಕ ಯೋನಿಯ ಗೋಡೆಗಳು ಒಣಗಿ, ಒಂದಕ್ಕೊಂದು ಅಂಟಿ, ದಾರಿ ಕಿರಿದೂ ಗಿಡ್ಡವೂ ಆಗುತ್ತದೆ. ವಾರಕ್ಕೆ ಎರಡು ಮೂರು ಸಲ, ಐದು ಹತ್ತು ನಿಮಿಷ, ಜಾರುವ ಜೆಲ್ ಹಚ್ಚಿ ಡೈಲೇಟರ್ ಬಳಸಿದರೆ ಅದನ್ನು ಬಹುಮಟ್ಟಿಗೆ ತಡೆಯಬಹುದು. ದಾಂಪತ್ಯದ ಮಾತು ಹಾಗಿರಲಿ, ಮುಂದೆ ವೈದ್ಯರು ಒಳಗೆ ನೋಡಿ ರೋಗ ಮರಳಿದೆಯೋ ಇಲ್ಲವೋ ಎಂದು ಹೇಳುವುದಕ್ಕೂ ಆ ದಾರಿ ತೆರೆದಿರಬೇಕು. ಈ ಮೂರು ವಾಕ್ಯಗಳನ್ನು ಯಾರಾದರೂ ಕದ ಮುಚ್ಚಿ, ಕುಳ್ಳಿರಿಸಿ, ಕನ್ನಡದಲ್ಲಿ ಹೇಳಿದ್ದರೆ ನಾನು ಐದು ತಿಂಗಳು ಕಳೆದುಕೊಳ್ಳುತ್ತಿರಲಿಲ್ಲ. ಕಳೆದುಕೊಂಡದ್ದರ ಬೆಲೆ ಮುಂದಿನ ಪರೀಕ್ಷೆಯಂದು ತಿಳಿಯಿತು. ಎಂದೂ ಕೂಗದ ನಾನು ಆ ದಿನ ಕೂಗಿಕೊಂಡೆ.

ತಪ್ಪು ಆ ನರ್ಸ್ ಒಬ್ಬರದ್ದೆಂದು ಹೇಳಲಾರೆ. ಇಪ್ಪತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನನಗೇ ‘ಯೋನಿ’ ಎಂಬ ಪದವನ್ನು ಗಟ್ಟಿಯಾಗಿ ಉಚ್ಚರಿಸಲು ಬಾರದು. ‘ಅಡಿಯಲ್ಲಿ’, ‘ಕೆಳಗೆ’, ‘ಅಲ್ಲಿ’ ಎಂದು ಮೂರು ಅವ್ಯಯಗಳಲ್ಲಿ ನಮ್ಮ ಹೆಂಗಸರ ಅರ್ಧ ಮೈ ಅಡಗಿದೆ. ನಮ್ಮವರಿಗೂ ನನಗೂ ಆ ಮೂರು ವರ್ಷ ಈ ವಿಷಯದಲ್ಲಿ ಮಾತೇ ನಡೆಯಲಿಲ್ಲ. ನನಗೆ ನೋವಾದೀತೆಂದು ಅವರು ಚಾವಡಿಯಲ್ಲಿ ಮಲಗಲು ಆರಂಭಿಸಿದರು. ಅವರಿಗೆ ನಾನು ಬೇಡವಾದೆನೆಂದು ನಾನು ಎಣಿಸಿದೆ.

ಮುಟ್ಟು ನಿಂತದ್ದೂ ಹೀಗೆಯೇ ಸದ್ದಿಲ್ಲದೆ. ಕಿಬ್ಬೊಟ್ಟೆಗೆ ಬೀಳುವ ವಿಕಿರಣದಿಂದ ಅಂಡಾಶಯಗಳು ಕೆಲಸ ನಿಲ್ಲಿಸುತ್ತವೆ. ಸಹಜವಾಗಿ ಹಲವು ವರ್ಷಗಳಲ್ಲಿ ಆಗಬೇಕಾದ ಬದಲಾವಣೆ ನನಗೆ ಒಂದೆರಡು ತಿಂಗಳಲ್ಲಿ ಆಯಿತು. ಏಪ್ರಿಲ್ ತಿಂಗಳ ಕರಾವಳಿಯಲ್ಲಿ ಎಲ್ಲರೂ ಬೆವರುವವರೇ ಆದ್ದರಿಂದ ಸ್ಟಾಫ್ ರೂಮಿನಲ್ಲಿ ಯಾರಿಗೂ ಏನೂ ಅನಿಸಲಿಲ್ಲ. ಜುಲೈ ತಿಂಗಳಲ್ಲಿ, ಹೊರಗೆ ಮಳೆ ಸುರಿಯುತ್ತಿರುವಾಗ ಫ್ಯಾನಿನ ಕೆಳಗೆ ಜಾಗ ಹುಡುಕುತ್ತಿದ್ದ ನನ್ನನ್ನು ಕಂಡು ಹಿಂದಿ ಟೀಚರ್ ಬಿಪಿ ನೋಡಿಸಿಕೊಳ್ಳಿ ಎಂದರು.

2020ರ ಲಾಕ್‌ಡೌನಿನಲ್ಲಿ ಎರಡು ತಪಾಸಣೆಗಳು ತಪ್ಪಿಹೋದವು. 2021ರ ಫೆಬ್ರವರಿಯಲ್ಲಿ ಹೋದಾಗ ಒಪಿಡಿಯ ಹೊರಗೆ ನರ್ಸಿಂಗ್ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧಕ್ಕಾಗಿ ಪ್ರಶ್ನಾವಳಿ ಹಿಡಿದು ನಿಂತಿದ್ದಳು. ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದು ಸಿದ್ಧಪಡಿಸಿದ ಎರಡು ಪಟ್ಟಿಗಳು ಅವು: ಎಲ್ಲ ಕ್ಯಾನ್ಸರ್ ರೋಗಿಗಳಿಗೂ ಅನ್ವಯಿಸುವ 30 ಪ್ರಶ್ನೆಗಳದ್ದೊಂದು, 1993ರದ್ದು, ಗರ್ಭಕಂಠದ ಕ್ಯಾನ್ಸರ್ ಆದವರಿಗೆಂದೇ ಮಾಡಿದ 24 ಪ್ರಶ್ನೆಗಳದ್ದು ಇನ್ನೊಂದು, 2006ರದ್ದು. ಬಹುತೇಕ ಪ್ರಶ್ನೆಗಳಿಗೆ ಉತ್ತರ ನಾಲ್ಕೇ ಬಗೆ: ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ. ‘ಅಡ್ಡಿಲ್ಲ’ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ.

ನನ್ನ ಪಕ್ಕದಲ್ಲಿ ಹಿರಿಯಡಕದ ಕಡೆಯ ಅಕ್ಕ ಒಬ್ಬರು ಕುಳಿತಿದ್ದರು. ಬೀಡಿ ಕಟ್ಟಿ ಮೂವರು ಹೆಣ್ಣುಮಕ್ಕಳನ್ನು ಓದಿಸಿದವರು. ಆಪರೇಷನ್ ಆಗಿ, ಅದರ ಮೇಲೆ ವಿಕಿರಣವೂ ಆದವರು. ಅವರಿಗೆ ಅಕ್ಷರ ಕಾಣುತ್ತಿರಲಿಲ್ಲ, ಪಟ್ಟಿಯಲ್ಲಿದ್ದ ಪುಸ್ತಕದ ಕನ್ನಡವೂ ದೂರ. ನೀವೇ ಓದಿ ಹೇಳಿ ಟೀಚರ್ ಎಂದರು. ಹುಡುಗಿ ಒಪ್ಪಿದಳು, ನಾವು ಮೂವರೂ ವರಾಂಡದ ತುದಿಯ ಕಿಟಕಿಯ ಬಳಿ ಹೋಗಿ ಕುಳಿತೆವು. ನಾನು ಒಂದೊಂದೇ ಪ್ರಶ್ನೆಯನ್ನು ತುಳುವಿಗೆ ತಿರುಗಿಸಿ ಕೇಳುತ್ತ ಹೋದೆ. ಕಳೆದ ವಾರದಲ್ಲಿ ಹೊಟ್ಟೆ ಹಿಂಡಿದಂತಾಯಿತೇ? ಮಲ ತಡೆಯಲಾಗದೆ ಹೋಯಿತೇ? ಮೂತ್ರ ಸೋರಿತೇ? ಮೊದಮೊದಲು ಎಲ್ಲಕ್ಕೂ ‘ದಾಲಾ ಇಜ್ಜಿ ಟೀಚರ್’, ಏನೂ ಇಲ್ಲವೆಂಬ ಒಂದೇ ಮಾತು. ಮೂತ್ರದ ಪ್ರಶ್ನೆಗೆ ಬಂದಾಗ ಅವರು ತಲೆ ತಗ್ಗಿಸಿ, ಕೆಮ್ಮಿದರೆ ಸೀರೆ ಒದ್ದೆಯಾಗುತ್ತದೆ ಎಂದರು. ಒಂದು ಅಥವಾ ಎರಡೂ ಕಾಲು ಊದಿಕೊಂಡಿವೆಯೇ ಎಂಬಲ್ಲಿಗೆ ಮುಟ್ಟಿದಾಗ ಮಾತನಾಡದೆ ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ ಎಡಗಾಲು ತೋರಿಸಿದರು. ಅದು ಬಲಗಾಲಿನ ಒಂದೂವರೆಯಷ್ಟು ಇತ್ತು. ನೆರೆಕರೆಯವರು ಆನೆಕಾಲು ಎಂದು ತೀರ್ಮಾನಿಸಿದ್ದರು. ನಮ್ಮ ಕರಾವಳಿಗೆ ಆನೆಕಾಲು ಹೊಸದಲ್ಲವಾದ್ದರಿಂದ ಅವರೂ ಅದನ್ನೇ ನಂಬಿ, ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟು ಕಾಲು ಮಡಚಿ ಕೂರಲಾಗದೆ, ಗೋಡೆಗೆ ಒರಗಿ ಕಾಲು ನೀಡಿ ಬೀಡಿ ಕಟ್ಟುತ್ತಿದ್ದರು. ದಿನಕ್ಕೆ ಸಾವಿರ ಕಟ್ಟುತ್ತಿದ್ದವರು ಆರುನೂರಕ್ಕೆ ಇಳಿದಿದ್ದರು. ಆಪರೇಷನ್ನಿನಲ್ಲಿ ದುಗ್ಧರಸ (ಲಿಂಫ್) ಗ್ರಂಥಿಗಳನ್ನು ತೆಗೆದು, ಉಳಿದ ದಾರಿಗೂ ವಿಕಿರಣ ಬಿದ್ದಾಗ ಕಾಲಿನಿಂದ ಮೇಲೇರಬೇಕಾದ ದ್ರವ ಅಲ್ಲೇ ನಿಲ್ಲುತ್ತದೆಂಬುದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ, ಅಥವಾ ತಿಳಿಸಿದ್ದು ಅವರಿಗೆ ಮುಟ್ಟಿರಲಿಲ್ಲ.

ಕೊನೆಯ ಕೆಲವು ಪ್ರಶ್ನೆಗಳು ಗಂಡಹೆಂಡಿರ ಸಂಗತಿ. ತುಳುವಿನಲ್ಲಿ ಹೇಗೆ ಕೇಳಲಿ ಎಂದು ನಾನು ತಡವರಿಸಿದ್ದನ್ನು ಕಂಡು ಆ ಅಕ್ಕ ನಕ್ಕುಬಿಟ್ಟು, ಗಂಡ ತೀರಿಕೊಂಡು ಹತ್ತು ವರ್ಷ ಆಯಿತು, ಅದನ್ನು ನೀವೇ ತುಂಬಿಕೊಳ್ಳಿ ಟೀಚರ್ ಎಂದರು. ನನ್ನ ಹಾಳೆಯಲ್ಲಿ ನಾನು ಅದನ್ನು ತುಂಬುವಾಗ ಪೆನ್ನು ನಡುಗುತ್ತಿತ್ತು. ಇಪ್ಪತ್ತನಾಲ್ಕರಲ್ಲಿ ಹನ್ನೊಂದಕ್ಕೆ ‘ಸಾಕಷ್ಟು’ ಅಥವಾ ‘ತುಂಬಾ’ ಎಂದು ಗುರುತು ಹಾಕಿದ್ದೆ. ಅದನ್ನು ಎಣಿಸಿದವಳು ಆ ಹುಡುಗಿ. ಪ್ರಬಂಧಕ್ಕೆ ಬೇಕಾದದ್ದು ಸಿಕ್ಕಿತೆಂದು ಅವಳು ಹೊರಟುಹೋಗಬಹುದಿತ್ತು. ಹೋಗಲಿಲ್ಲ, ನನ್ನ ಅನುಮತಿ ಕೇಳಿ ಹಾಳೆಯ ಒಂದು ಪ್ರತಿಯನ್ನು ವೈದ್ಯರ ಮೇಜಿನ ಮೇಲಿಟ್ಟಳು.

ವೈದ್ಯರು ಅದನ್ನು ಎರಡು ಸಲ ಓದಿ, ಮೂರು ವರ್ಷ ಯಾಕೆ ಹೇಳಲಿಲ್ಲ ಟೀಚರ್ ಎಂದರು.

ನೀವು ಕೇಳಲಿಲ್ಲವಲ್ಲ ಡಾಕ್ಟ್ರೇ ಎಂದೆ.

ಹೇಗಿದ್ದೀರಿ ಎಂದು ಪ್ರತಿ ಸಲ ಕೇಳಿದ್ದೆನಲ್ಲ ಎಂದರು. ಅದೂ ನಿಜವೇ.

ಆ ಬಳಿಕ ನಡೆದದ್ದನ್ನು ನೆನೆದರೆ ಸಿಟ್ಟೂ ಬರುತ್ತದೆ, ಏಕೆಂದರೆ ಹೆಚ್ಚಿನವಕ್ಕೆ ಮದ್ದು ಇತ್ತು. ಸಣ್ಣ ಕರುಳಿನ ಕೊನೆಯ ತುಂಡು ಪಿತ್ತರಸದ ಆಮ್ಲಗಳನ್ನು ಹೀರಿಕೊಂಡು ಯಕೃತ್ತಿಗೆ ಮರಳಿಸುವ ಜಾಗ. ಅದು ವಿಕಿರಣದಿಂದ ಸೊರಗಿದಾಗ ಆ ಆಮ್ಲಗಳು ದೊಡ್ಡ ಕರುಳಿಗಿಳಿದು ಭೇದಿ ಮಾಡಿಸುತ್ತವೆ. ಅವನ್ನು ಹಿಡಿದಿಡುವ ಕೊಲೆಸ್ಟೈರಮಿನ್ ಎಂಬ ಪುಡಿಯನ್ನು ನೀರಿಗೆ ಕದಡಿ ಕುಡಿಯಲು ಕೊಟ್ಟರು. ಮರಳು ಕುಡಿದಂತೆ ಇರುತ್ತದೆ, ಬೇರೆ ಮಾತ್ರೆಗಳನ್ನು ಅದರ ಜೊತೆ ನುಂಗುವಂತಿಲ್ಲ, ಆದರೆ ಎರಡು ವಾರದಲ್ಲಿ ಆರು ಸಲದ ಓಟ ಎರಡಕ್ಕೆ ಇಳಿಯಿತು. ಅದೇ ತುಂಡು ಬಿ12 ಜೀವಸತ್ವವನ್ನೂ ಹೀರುವುದರಿಂದ ರಕ್ತಪರೀಕ್ಷೆ ಮಾಡಿಸಿದರು. ಕಡಿಮೆ ಇತ್ತು, ಈಗ ಇಂಜೆಕ್ಷನ್ ತೆಗೆದುಕೊಳ್ಳುತ್ತೇನೆ. ಆಹಾರತಜ್ಞೆ ಕೊಬ್ಬಿನ ಅಂಶ ತಗ್ಗಿಸಲು ಹೇಳಿ, ನಾನು ತಿನ್ನುವುದರ ಪಟ್ಟಿ ನೋಡಿ ತೆಂಗಿನಕಾಯಿಯ ಹತ್ತಿರ ಬೆರಳಿಟ್ಟರು. ತೆಂಗಿನಕಾಯಿ ಇಲ್ಲದೆ ನಮ್ಮಲ್ಲಿ ಪದಾರ್ಥ ಹೇಗೆ ಮಾಡುವುದು? ಬೂತಾಯಿ ಮೀನಿನ ಪುಳಿಮುಂಚಿ, ಹುರುಳಿ ಸಾರು, ಮಜ್ಜಿಗೆಗೆ ತಿಮರೆ (ಒಂದೆಲಗ) ಸೊಪ್ಪು ಅರೆದು ಹಾಕಿದ ತಂಬುಳಿ ಎಂದು ಹುಡುಕಿಕೊಂಡೆವು. ಮನೆಯವರಿಗೆಲ್ಲ ಬೇಸರ ಬಂದಿದೆ, ಹೇಳುವುದಿಲ್ಲ ಅಷ್ಟೆ.

ಹಾರ್ಮೋನಿನ ವಿಷಯದಲ್ಲಿ ನನ್ನ ಎಣಿಕೆ ಪೂರ್ತಿ ತಪ್ಪಾಗಿತ್ತು. ಕ್ಯಾನ್ಸರ್ ಆದವರು ಹಾರ್ಮೋನ್ ಮುಟ್ಟಬಾರದೆಂದು ಎಲ್ಲೋ ಓದಿದ್ದೆ. ಅದು ಸ್ತನದ ಕ್ಯಾನ್ಸರಿಗೆ ಸಂಬಂಧಿಸಿದ ಎಚ್ಚರಿಕೆ. ಗರ್ಭಕಂಠದಲ್ಲಿ ಬಹುಪಾಲು ಕಾಣುವ, ನನಗಿದ್ದ ಸ್ಕ್ವಾಮಸ್ ಬಗೆ ಹಾರ್ಮೋನಿನಿಂದ ಬೆಳೆಯುವಂಥದ್ದಲ್ಲ. ಗರ್ಭಾಶಯ ಮೈಯಲ್ಲೇ ಇರುವುದರಿಂದ ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟರಾನನ್ನೂ ಸೇರಿಸಿ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಕೊಡುವುದೆಂದಾಯಿತು. ಮೂಳೆಯ ಸಾಂದ್ರತೆ ಅಷ್ಟರಲ್ಲಿ ಸ್ವಲ್ಪ ಇಳಿದಿತ್ತು. ಡೈಲೇಟರ್ ಬಳಸುವ ಕ್ರಮವನ್ನು ಬೇರೊಬ್ಬ ನರ್ಸ್ ಅರ್ಧ ಗಂಟೆ ಕುಳಿತು, ಬಾಗಿಲು ಮುಚ್ಚಿ, ನಮ್ಮವರನ್ನೂ ಒಳಗೆ ಕರೆದು ವಿವರಿಸಿದರು. ಆ ರಾತ್ರಿ ಬಸ್ಸಿನಲ್ಲಿ ಬರುವಾಗ ನಮ್ಮವರು, ವಿಕಿರಣ ನನಗೂ ತಾಗೀತು ಎಂಬ ಹೆದರಿಕೆ ಮೊದಲ ವರ್ಷ ಇತ್ತು, ಆಮೇಲೆ ಕೇಳಲು ನಾಚಿಕೆಯಾಯಿತು ಎಂದರು. ದಾರಿ ಮೊದಲಿನಂತಾಗಿಲ್ಲ, ಆಗುವುದೂ ಇಲ್ಲ. ತಡವಾದಷ್ಟೂ ಗಳಿಸುವುದು ಕಡಿಮೆ ಎಂದು ನರ್ಸ್ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಚಾವಡಿಯ ಹಾಸಿಗೆ ಮಾತ್ರ ಒಳಗೆ ಬಂತು.

ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ರೋಗ ಬಂದಿದೆಯೆಂದು ಜಾಗತಿಕ ಅಂದಾಜು ಹೇಳುತ್ತದೆ. ಅವರಲ್ಲಿ ಬದುಕುಳಿಯುವವರು ಮುಂದೆ ಎಷ್ಟೋ ವರ್ಷ ಬಸ್ಸು ಹತ್ತಬೇಕು, ಬೀಡಿ ಕಟ್ಟಬೇಕು, ಗಂಡನ ಪಕ್ಕದಲ್ಲಿ ಮಲಗಬೇಕು. ಹಾನಿಯನ್ನು ಮೊದಲೇ ತಗ್ಗಿಸುವ ಪ್ರಯತ್ನವೂ ನಡೆದಿದೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಆಪರೇಷನ್ ಬಳಿಕ ವಿಕಿರಣ ಪಡೆಯಬೇಕಾದ 300 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯ ಕ್ರಮದಲ್ಲೂ ಇನ್ನೊಂದಕ್ಕೆ ದಿನದಿನದ ಚಿತ್ರ ನೋಡಿಕೊಂಡು ಕರುಳನ್ನು ಆದಷ್ಟು ತಪ್ಪಿಸುವ ಐಎಂಆರ್‌ಟಿ ಕ್ರಮದಲ್ಲೂ ವಿಕಿರಣ ಕೊಟ್ಟರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂರು ವರ್ಷಗಳಲ್ಲಿ ಮಧ್ಯಮ ಅಥವಾ ಅದಕ್ಕೂ ಮೀರಿದ ಕರುಳಿನ ತೊಂದರೆ ಹಳೆಯ ಕ್ರಮದಲ್ಲಿ ಶೇ. 42ರಷ್ಟು ಮಂದಿಗೆ, ಹೊಸದರಲ್ಲಿ ಶೇ. 21ರಷ್ಟು ಮಂದಿಗೆ ಬಂದಿತ್ತು. ಈ ಅಂಕಿಗಳನ್ನು ಓದಿದಾಗ ನನಗೆ ಅನಿಸಿದ್ದು, ಆ ಮುನ್ನೂರು ಮಂದಿಯನ್ನೂ ಯಾರೋ ಕುಳ್ಳಿರಿಸಿಕೊಂಡು ಬಿಡಿಬಿಡಿಯಾಗಿ ಕೇಳಿರಬೇಕು ಎಂದು.

ಹಿರಿಯಡಕದ ಅಕ್ಕನಿಗೆ ಫಿಸಿಯೋಥೆರಪಿ ವಿಭಾಗದಲ್ಲಿ ಕಾಲಿಗೆ ಪಟ್ಟಿ ಸುತ್ತುವುದನ್ನೂ, ಚರ್ಮವನ್ನು ಜೋಪಾನ ಮಾಡುವುದನ್ನೂ ಕಲಿಸಿದರು. ಬರಿಗಾಲಲ್ಲಿ ತೋಟಕ್ಕೆ ಇಳಿಯಕೂಡದು, ಸಣ್ಣ ಗಾಯವಾಗಿ ಕಾಲು ಕೆಂಪೇರಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಬರಬೇಕು ಎಂದೂ ಹೇಳಿದರು. ಅವರ ಚಿಕಿತ್ಸೆ ಸರ್ಕಾರದ ಆಯುಷ್ಮಾನ್ ಕಾರ್ಡಿನಲ್ಲಿ ನಡೆದಿತ್ತು; ಬಿಗಿಯಾದ ಕಾಲುಚೀಲವನ್ನು ಮಾತ್ರ ಕೈಯಿಂದಲೇ ಕೊಳ್ಳಬೇಕಾಯಿತು, ಬಸ್ಸಿನ ಖರ್ಚನ್ನೂ. ಕಾಲು ಪೂರ್ತಿ ಇಳಿದಿಲ್ಲ. ಎಂಟುನೂರು ಬೀಡಿ ಆಗುತ್ತದೆ ಈಗ ಎಂದು ಮೊನ್ನೆ ಫೋನಿನಲ್ಲಿ ಹೇಳಿದರು. ತಪಾಸಣೆಯ ಹಿಂದಿನ ರಾತ್ರಿ ಅವರು ಫೋನು ಮಾಡುವುದು ರೂಢಿಯಾಗಿದೆ; ನಾನು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡ ಆ ಪ್ರಶ್ನೆಗಳನ್ನು ಒಂದೊಂದಾಗಿ ಓದುತ್ತೇನೆ, ಅವರು ಉತ್ತರ ಹೇಳುತ್ತ ಮಗಳ ಕೈಯಲ್ಲಿ ಚೀಟಿ ಬರೆಯಿಸಿಕೊಳ್ಳುತ್ತಾರೆ.

ಈ ವರ್ಷ ನಮ್ಮ ಮನೆಯ ಹತ್ತಿರದ ಗದ್ದೆಯಲ್ಲಿ ಆಟವಿತ್ತು. ಸಂಜೆಯೇ ಪುಡಿ ಕುಡಿದು, ಚಾಪೆ ತೆಗೆದುಕೊಂಡು, ಮನೆಗೆ ಓಡಿಬರಲು ಅನುಕೂಲವಾದ ಅಂಚಿನಲ್ಲಿ ಕುಳಿತೆ. ಎರಡು ಸಲ ಎದ್ದು ಹೋಗಿ ಬಂದೆ. ಬೆಳಗಿನವರೆಗೆ ಕೂರಲಾಗಲಿಲ್ಲ, ಮೂರು ಗಂಟೆಯ ಹೊತ್ತಿಗೆ ಸೊಂಟ ಹಿಡಿದುಕೊಂಡಿತು, ನಮ್ಮವರು ಟಾರ್ಚು ಹಿಡಿದು ಕರೆದುಕೊಂಡು ಬಂದರು.